ಸ್ಯಾಟಲೈಟ್ ಇಮೇಜಲ್ಲಿ ಲಂಟಾನ ನಿಜವಾಗ್ಲೂ ಕಾಣುತ್ತಾ? ಬಂಡೀಪುರ ಕಡೆ ಮ್ಯಾಪ್ ಮಾಡ್ತಿದೀನಿ, ಹೆಲ್ಪ್ ಬೇಕು

ಕಾಡಂಚಿನ_ಹುಡುಗಿ:

ಎಲ್ಲರಿಗೂ ನಮಸ್ಕಾರ. ಇಲ್ಲಿ ರಿಮೋಟ್ ಸೆನ್ಸಿಂಗ್ ಗೊತ್ತಿರೋರೂ ಇದೀರ, ಕಾಡು ಗೊತ್ತಿರೋರೂ ಇದೀರ ಅಂತ ಕೇಳ್ತಿದೀನಿ. ನಾನು ಎಂಎಸ್ಸಿ ಫೈನಲ್ ಇಯರ್, ಗುಂಡ್ಲುಪೇಟೆ ಕಡೆ ಬಂಡೀಪುರದ ಅಂಚಲ್ಲಿ ಲಂಟಾನ (ಕಾಡೊಳಗೆ ಹಬ್ಬೋ ಮುಳ್ಳಿನ ಕಳೆ ಪೊದೆ) ಎಲ್ಲೆಲ್ಲಿ ಹಬ್ಬಿದೆ ಅಂತ ಮ್ಯಾಪ್ ಮಾಡೋದು ಪ್ರಾಜೆಕ್ಟು. ಯುರೋಪಿನ ಸೆಂಟಿನೆಲ್-2 ಸ್ಯಾಟಲೈಟ್ ಇಮೇಜ್ ತಗೊಂಡೆ, ನವೆಂಬರ್ ಕೊನೇದು, ಯಾಕಂದ್ರೆ ಅವತ್ತು ಒಂದ್ ಚೂರೂ ಮೋಡ ಇರ್ಲಿಲ್ಲ, ಗೂಗಲ್ ಅರ್ಥ್ ಇಂಜಿನಲ್ಲಿ ರ‍್ಯಾಂಡಮ್ ಫಾರೆಸ್ಟ್ (ಮಾದರಿ ತೋರಿಸಿದ್ರೆ ಪಿಕ್ಸೆಲ್ ವಿಂಗಡಿಸೋ ಕ್ಲಾಸಿಫೈಯರ್) ಓಡಿಸ್ದೆ, ಅಕ್ಯುರಸಿ 90ರ ಮೇಲೆ ಬಂತು. ಗೈಡ್ ಖುಷಿಯಾಗಿ ಬರೆದುಬಿಡಿ ಅಂದ್ರು.

ಆದ್ರೆ ಮ್ಯಾಪ್ ನೋಡಿದ್ರೆ ನನಗ್ಯಾಕೋ ಸಮಾಧಾನ ಇಲ್ಲ. ಲಂಟಾನ ಅಂತ ಬಂದಿರೋದೆಲ್ಲ ರಸ್ತೆ ಪಕ್ಕ, ಕಾಡಿನ ಬೇಲಿ ಉದ್ದಕ್ಕೂ ಗೆರೆ ಎಳೆದಂಗಿದೆ, ಒಳಗೆ ಪೂರ್ತಿ 'ಎಲೆ ಉದುರೋ ಕಾಡು' ಅಂತ ಒಂದೇ ಬಣ್ಣ. ವಾಚರ್ ಅಣ್ಣನ ಜೊತೆ ಪರ್ಮಿಷನ್ ತಗೊಂಡು ಅದೇ ಒಂದೇ ಬಣ್ಣದ ಜಾಗಕ್ಕೆ ಹೋದ್ರೆ ಅಲ್ಲಿ ಎದೆ ಮಟ್ಟ ಲಂಟಾನ, ಮುಳ್ಳು ತೋಳಿಗೆ ಗೀರಿ ಬಟ್ಟೆ ಎಲ್ಲಾ ಹಿಡ್ಕೊಳತ್ತೆ, ಹತ್ತಡಿ ಆಚೆ ಆನೆ ನಿಂತಿದ್ರೂ ಗೊತ್ತಾಗಲ್ಲ. 90 ಪರ್ಸೆಂಟ್ ಸರಿ ಇರೋ ಮ್ಯಾಪು ಇಷ್ಟು ತಪ್ಪು ಹೇಗೆ ಹೇಳುತ್ತೆ? ಇದು ನನ್ನ ಕ್ಲಾಸಿಫೈಯರ್ ಸಮಸ್ಯೆನಾ, ಇಲ್ಲ ಸ್ಯಾಟಲೈಟ್‌ಗೇ ಕಾಣಲ್ವಾ?

ಸುಮ್ನೆ_ಓದ್ತೀನಿ:

ಡೀಪ್ ಲರ್ನಿಂಗ್ ಟ್ರೈ ಮಾಡಿ, ಯು-ನೆಟ್ ಹಾಕಿದ್ರೆ ಬರುತ್ತೆ.

ಪಿಕ್ಸೆಲ್_ಗುರು:

ಮೇಲಿನ ಮಹಾನುಭಾವರ ಮಾತು ಸದ್ಯಕ್ಕೆ ಪಕ್ಕಕ್ಕಿಡಿ ಮೇಡಂ, ಇಮೇಜಲ್ಲಿ ಇಲ್ಲದೇ ಇರೋದನ್ನ ಯಾವ ನೆಟ್ಟೂ ಹುಡುಕಿ ಕೊಡಲ್ಲ. ನಿಮ್ಮ ಅನುಮಾನ ಸರಿ ಇದೆ. ಸಮಸ್ಯೆ ಆಲ್ಗಾರಿದಮ್‌ದಲ್ಲ, ತಾರೀಕಿಂದು.

ನವೆಂಬರಲ್ಲಿ ಬಂಡೀಪುರದ ಮತ್ತಿ, ದಿಂಡಿಗ, ತೇಗ, ಹೊನ್ನೆ ಎಲ್ಲದಕ್ಕೂ ಮೈತುಂಬ ಎಲೆ. ಸೆಂಟಿನೆಲ್-2 ನೋಡೋದು ಬಿಸಿಲು ಎಲ್ಲಿ ತಾಗಿ ವಾಪಸ್ ಬರುತ್ತೋ ಅದನ್ನ, ಅಂದ್ರೆ ಮರದ ತಲೆನ. ಕೆಳಗಿರೋ ಲಂಟಾನ ಕೇಳಿದ್ರೆ, ಛತ್ರಿ ಮೇಲಿಂದ ಫೋಟೋ ತೆಗೆದು ಕೆಳಗೆ ನಿಂತಿರೋರು ಯಾರು ಹೇಳು ಅಂದಂಗಾಯ್ತು. ಮೋಡ ಇಲ್ಲ ಅಂತ ನವೆಂಬರ್ ಆರಿಸ್ಕೊಂಡ್ರಿ, ಆದ್ರೆ ನಿಮಗೆ ಬೇಕಾಗಿರೋದು ಎಲೆ ಇಲ್ಲದಿರೋ ತಿಂಗಳು.

ಜನವರಿ ಮಧ್ಯದಿಂದ ಫೆಬ್ರವರಿ ಕೊನೆವರೆಗೆ ನೋಡಿ. ಮರಗಳು ಎಲೆ ಉದುರಿಸ್ತಾ ಬರ್ತವೆ, ಹುಲ್ಲು ಒಣಗಿ ಹಳದಿ ಆಗಿರುತ್ತೆ, ಲಂಟಾನ ಮಾತ್ರ ಇನ್ನೊಂದಷ್ಟು ದಿನ ಹಸಿರು ಹಿಡ್ಕೊಂಡಿರುತ್ತೆ. ಆ ಗ್ಯಾಪ್ ಇದೆಯಲ್ಲ, ಅದೇ ನಿಮ್ಮ ಸಿಗ್ನಲ್ಲು. ಆದ್ರೆ ಅತಿ ಆಸೆ ಬೇಡ, ಮಾರ್ಚ್ ಕೊನೆಗೆ ಬಿಸಿಲಿಗೆ ಅದೂ ಎಲೆ ಮುದುರಿ ಉದುರಿಸಿ ಕಡ್ಡಿ ಆಗುತ್ತೆ, ಮತ್ತೆ ಏಪ್ರಿಲಲ್ಲಿ ಒಂದೆರಡು ಮಳೆ ಬಿದ್ದ ತಕ್ಷಣ ಮೊದಲು ಚಿಗುರೋದೂ ಅದೇನೇ. ಹಾಗಾಗಿ ಒಂದೇ ಇಮೇಜಿಗೆ ಜೋತುಬೀಳಬೇಡಿ, ಡಿಸೆಂಬರಿಂದ ಮೇ ವರೆಗೆ ತಿಂಗಳಿಗೊಂದು ಮೀಡಿಯನ್ ಇಮೇಜ್ (ಆ ತಿಂಗಳ ಎಲ್ಲಾ ಇಮೇಜಿನ ನಡುವಿನ ಬೆಲೆ) ಮಾಡಿ ಎಲ್ಲಾನೂ ಒಟ್ಟಿಗೆ ಕೊಡಿ. ಒಂದು ಪಿಕ್ಸೆಲ್ ಯಾವಾಗ ಒಣಗುತ್ತೆ ಯಾವಾಗ ಚಿಗುರುತ್ತೆ ಅನ್ನೋ ನಡವಳಿಕೆ, ಅದರ ಯಾವುದೇ ಒಂದು ದಿನದ ಬಣ್ಣಕ್ಕಿಂತ ಜಾಸ್ತಿ ಹೇಳುತ್ತೆ. ಸೆಂಟಿನೆಲ್ ಐದು ದಿನಕ್ಕೊಂದ್ಸಲ ಬರುತ್ತೆ, ಫ್ರೀ, ಬೇಸಿಗೆಯಲ್ಲಿ ಮೋಡದ ಕಾಟಾನೂ ಕಡಿಮೆ, ಇನ್ನೇನು ಬೇಕು.

ಬ್ಯಾಂಡ್ ವಿಚಾರ, ಅಂದ್ರೆ ಯಾವ್ಯಾವ ಬೆಳಕಿನ ಅಳತೆ ತಗೋಬೇಕು ಅನ್ನೋದು: ಬರೀ ಎನ್‌ಡಿವಿಐ (ಎಷ್ಟು ಹಸಿರಿದೆ ಅಂತ ಹೇಳೋ ಸೂಚ್ಯಂಕ) ಸಾಕಾಗಲ್ಲ. ರೆಡ್ ಎಡ್ಜ್, ಅಂದ್ರೆ ಕೆಂಪು ಮುಗಿಯೋ ಅಂಚಿನ ಬೆಳಕಿಂದು, ಮೂರು ಬ್ಯಾಂಡ್ ಇದಾವೆ, 705, 740, 783 ನ್ಯಾನೋಮೀಟರ್ ಆಸುಪಾಸು, ಜೊತೆಗೆ ಎಸ್‌ಡಬ್ಲ್ಯೂಐಆರ್ (ಕಿರುತರಂಗದ ಅವಗೆಂಪು) ಎರಡು, ಎಲೆಯಲ್ಲಿರೋ ನೀರಿನ ಅಂಶ ಅದರಲ್ಲಿ ಗೊತ್ತಾಗುತ್ತೆ, ಒಣಹುಲ್ಲು ಮತ್ತೆ ಅರೆ ಒಣಗಿದ ಪೊದೆ ಬೇರೆ ಮಾಡೋಕೆ ಅದೇ ಬೇಕು. ಒಂದೇ ಕಿರಿಕಿರಿ ಅಂದ್ರೆ ಇವೆಲ್ಲ 20 ಮೀಟರ್ ಪಿಕ್ಸೆಲ್ಲು, ಕಣ್ಣಿಗೆ ಕಾಣೋ ಬಣ್ಣ ಮತ್ತೆ ಎನ್‌ಐಆರ್ (ಕೆಂಪಿನ ಆಚೆಗಿನ, ಕಣ್ಣಿಗೆ ಕಾಣದ ಬೆಳಕು) ಮಾತ್ರ 10 ಮೀಟರು. ನಮ್ಮ ಲೆಕ್ಕದಲ್ಲಿ ಹೇಳ್ಬೇಕು ಅಂದ್ರೆ 10 ಮೀಟರ್ ಪಿಕ್ಸೆಲ್ ಒಂದು ಗುಂಟೆ ಹತ್ರಹತ್ರ, 20 ಮೀಟರ್‌ದು ನಾಲ್ಕು ಗುಂಟೆ, ಲ್ಯಾಂಡ್‌ಸ್ಯಾಟ್ 30 ಮೀಟರ್‌ದು ಒಂಬತ್ತು ಗುಂಟೆ. ಒಂಬತ್ತು ಗುಂಟೆಯಲ್ಲಿ ಎರಡು ಮರ, ಒಂದು ಹುತ್ತ, ಸ್ವಲ್ಪ ಹುಲ್ಲು, ಎರಡು ಪೊದೆ ಲಂಟಾನ ಇದ್ರೆ ಆ ಪಿಕ್ಸೆಲ್‌ನ ಏನಂತ ಕರೀತೀರ?

ಒಂದು ಪ್ರಶ್ನೆ ನಿಮಗೆ. ಟ್ರೈನಿಂಗ್ ಪಾಯಿಂಟ್, ಅಂದ್ರೆ ಮಾಡೆಲ್‌ಗೆ ಕಲಿಸೋಕೆ ಕೊಟ್ಟ ಜಾಗಗಳು, ಎಲ್ಲಿಂದ ತಗೊಂಡ್ರಿ?

ಕಾಡಂಚಿನ_ಹುಡುಗಿ:

ಗಾಡಿಯಲ್ಲಿ ಹೋಗೋಕೆ ಬಿಟ್ಟಿದ್ದು ರಸ್ತೆಯಲ್ಲಿ ಮಾತ್ರ ಸರ್, ಹಾಗಾಗಿ ಹೆಚ್ಚು ಕಮ್ಮಿ ಎಲ್ಲಾ ರಸ್ತೆ ಪಕ್ಕದ್ದೇ. ಒಂದೊಂದು ಕಡೆ ಪೊದೆ ಸುತ್ತ ಪಾಲಿಗಾನ್ ಎಳೆದು ಅದರೊಳಗಿನ ಪಿಕ್ಸೆಲ್ ಎಲ್ಲಾ ತಗೊಂಡೆ, ಆಮೇಲೆ ಟ್ರೈನಿಂಗಿಗೆ 70, ಟೆಸ್ಟಿಂಗಿಗೆ 30 ಅಂತ ರ‍್ಯಾಂಡಮ್ ಆಗಿ ಭಾಗ ಮಾಡ್ದೆ.

ಪಿಕ್ಸೆಲ್_ಗುರು:

ಅಲ್ಲಿಗೆ ಎರಡೂ ಗೊತ್ತಾಯ್ತು. ರಸ್ತೆ ಪಕ್ಕ ಬಿಸಿಲು ಬೀಳುತ್ತೆ, ಮರ ಕಮ್ಮಿ, ಅಲ್ಲಿ ಲಂಟಾನ ಬೇರೆ ಥರ ಬೆಳೆಯುತ್ತೆ, ಜೊತೆಗೆ ಪಿಕ್ಸೆಲ್ ಒಳಗೆ ಸ್ವಲ್ಪ ಮಣ್ಣು, ಸ್ವಲ್ಪ ಡಾಂಬರು. ನಿಮ್ಮ ಮಾಡೆಲ್ ಕಲಿತಿರೋದು ಲಂಟಾನ ಅಲ್ಲ, ರಸ್ತೆ ಪಕ್ಕ ಅನ್ನೋದನ್ನ. ಅದಕ್ಕೇ ಗೆರೆ ಎಳೆದಂಗೆ ಬಂದಿರೋದು.

ಇನ್ನು ಅಕ್ಯುರಸಿ. ಒಂದೇ ಪಾಲಿಗಾನಿನ ಅಕ್ಕಪಕ್ಕದ ಪಿಕ್ಸೆಲ್ ಒಂದು ಟ್ರೈನಿಂಗಿಗೆ ಹೋಗಿದೆ, ಇನ್ನೊಂದು ಟೆಸ್ಟಿಂಗಿಗೆ ಹೋಗಿದೆ, ಅವೆರಡೂ ಹೆಚ್ಚುಕಮ್ಮಿ ಒಂದೇ ನಂಬರ್ರು, ಸರಿ ಬರದೇ ಇನ್ನೇನು. ಪಾಲಿಗಾನನ್ನೇ ಭಾಗ ಮಾಡಿ, ಪಿಕ್ಸೆಲ್‌ನಲ್ಲ. ಇನ್ನೂ ಒಳ್ಳೇದು ಅಂದ್ರೆ ಒಂದಿಡೀ ಬ್ಲಾಕ್ ಪಕ್ಕಕ್ಕಿಟ್ಟು, ಉದಾಹರಣೆಗೆ ಒಂದು ಬೀಟ್ (ಒಬ್ಬ ಗಾರ್ಡ್ ನೋಡ್ಕೊಳೋ ಕಾಡಿನ ಭಾಗ) ಪೂರ್ತಿ ಮುಟ್ಟದೇ ಇಟ್ಕೊಂಡು ಅಲ್ಲಿ ಟೆಸ್ಟ್ ಮಾಡಿ. ಆಮೇಲೆ ಒಟ್ಟು ಅಕ್ಯುರಸಿ ಅನ್ನೋ ಒಂದೇ ನಂಬರ್ ನೋಡ್ಬೇಡಿ, ಕೆರೆ ಕೆರೆ ಅಂತ ಬಂತು, ಹೊಲ ಹೊಲ ಅಂತ ಬಂತು ಅಂತ ಆ ನಂಬರ್ ಮೇಲೆ ಹೋಗಿರುತ್ತೆ. ಲಂಟಾನ ಕ್ಲಾಸಿಂದು ಮಾತ್ರ ನೋಡಿ: ಇರೋ ಲಂಟಾನದಲ್ಲಿ ಎಷ್ಟು ಹಿಡಿದೆ, ಲಂಟಾನ ಅಂತ ಹೇಳಿದ್ದರಲ್ಲಿ ಎಷ್ಟು ನಿಜ. ಎರಡೂ ಬೇರೆ ಬೇರೆ ಬರುತ್ತೆ. ನನ್ನ ಪ್ರಕಾರ ಥೀಸಿಸ್‌ನಲ್ಲಿ ಇದೊಂದು ಟೇಬಲ್ ನೆಟ್ಟಗಿದ್ರೆ ಮಿಕ್ಕಿದ್ದೆಲ್ಲ ಮಾಫಿ.

ಕೊಪ್ಪಳ_ಕಂಟಿ:

ಪಿಕ್ಸೆಲ್ ಅಣ್ಣಾರ, ನಡುವ ಬಾಯಿ ಹಾಕೀನಿ ತಪ್ಪು ತಿಳ್ಕೋಬ್ಯಾಡ್ರಿ. ನಮ್ಮ ಕಡೆ ಲಂಟಾನದ್ದು ಅಷ್ಟು ತ್ರಾಸ ಇಲ್ರಿ, ಬಳ್ಳಾರಿ ಜಾಲಿದು ಐತಿ. ಕೆರಿ ಅಂಗಳ, ಹಳ್ಳದ ದಂಡಿ, ಗೋಮಾಳ, ರೈಲ್ವೆ ಹಳಿ ಬಾಜು, ಎಲ್ಲಿ ನೋಡಿದ್ರೂ ಜಾಲಿ ಕಂಟಿನ. ಕುರಿ ಮ್ಯಾಕಿ ಕಾಯಿ ತಿಂತಾವ, ಹಿಕ್ಕಿ ಹಾಕಿದಲ್ಲೆಲ್ಲ ಹುಟ್ಟತೈತಿ. ನಮ್ಮೂರ ಪಂಚಾಯ್ತಿಯವ್ರು ಕೆರಿ ಹೂಳೆತ್ತಬೇಕು, ಜಾಲಿ ಎಷ್ಟು ಎಕರೆ ಐತಿ ಅಂತ ಕೇಳ್ಯಾರ, ಟೆಂಡರ್‌ಗೆ ಬೇಕಂತ. ಇದು ಮ್ಯಾಲಿಂದ ಕಾಣತೈತೇನ್ರಿ? ನಾನು ಎನ್‌ಡಿವಿಐ ಹಾಕಿ ನೋಡಿದ್ರ ಭತ್ತದ ಗದ್ದಿ, ತೆಂಗಿನ ತ್ವಾಟ, ಜಾಲಿ ಮೂರೂ ಒಂದ ಹಸಿರು ಬರಾಕತ್ತೈತಿ.

ಪಿಕ್ಸೆಲ್_ಗುರು:

ಬನ್ನಿ ಅಣ್ಣ, ನಿಮ್ಮ ಕೇಸ್ ಲಂಟಾನಕ್ಕಿಂತ ಸುಲಭ. ಜಾಲಿ ಯಾವ ಮರದ ಕೆಳಗೂ ಬಚ್ಚಿಟ್ಕೊಳಲ್ಲ, ಅದೇ ಮೇಲಿರುತ್ತೆ. ನಿಮ್ಮ ಕಡೆ ಏಪ್ರಿಲ್-ಮೇ ಅಂದ್ರೆ ನೆಲ ಎಲ್ಲಾ ಬಿಕೋ ಅಂತಿರುತ್ತೆ, ಬೇರು ಆಳಕ್ಕೆ ಹೋಗಿರೋದ್ರಿಂದ ಜಾಲಿ ಮಾತ್ರ ಹಸಿರು. ಭತ್ತದ ಜೊತೆ ಗೊಂದಲ ಆಗ್ತಿರೋದು ತುಂಗಭದ್ರಾ ಎಡದಂಡೆ ಕಾಲುವೆ ಬೇಸಿಗೆ ಬೆಳೆಯಿಂದ, ಅದಕ್ಕೆ ಔಷಧಿ ಒಂದೇ, ಇಡೀ ವರ್ಷದ ಕರ್ವ್ ನೋಡಿ. ಭತ್ತ ನಾಟಿ ಹೊತ್ತಲ್ಲಿ ನೀರು ನಿಂತಿರುತ್ತೆ, ಆಮೇಲೆ ಹಸಿರು ಏರುತ್ತೆ, ಕೊಯ್ಲಾದ ತಕ್ಷಣ ದಪ್ ಅಂತ ಬೀಳುತ್ತೆ. ಜಾಲಿ ವರ್ಷಪೂರ್ತಿ ಒಂದೇ ಮಟ್ಟ. ವರ್ಷದ ಕನಿಷ್ಠ ಎನ್‌ಡಿವಿಐ ಎಷ್ಟು ಅಂತ ಒಂದು ಲೇಯರ್ ಮಾಡಿದ್ರೆ ಭತ್ತ ತಾನಾಗೇ ಉದುರಿಹೋಗುತ್ತೆ. ತೆಂಗು ಉಳಿಯುತ್ತೆ, ಅದಕ್ಕೆ ಗೂಗಲ್ ಅರ್ಥಲ್ಲಿ ಸಾಲು ಕಾಣುತ್ತೆ, ಕಣ್ಣಲ್ಲೇ ನೋಡಿ ಪಾಲಿಗಾನ್ ಹಾಕಿ ತೆಗೆದುಬಿಡಿ, ಒಂದು ಕೆರೆಗೆ ಅದೇ ಬೇಗ ಆಗುತ್ತೆ. ಕೆರೆ ಗಡಿ ಸರ್ವೆ ಮ್ಯಾಪಿಂದ ತಗೊಳ್ಳಿ, ಸ್ಯಾಟಲೈಟ್ ನೋಡಿ ಎಳೀಬೇಡಿ, ಒತ್ತುವರಿ ತಕರಾರು ನಿಮ್ಮ ಮೇಲೆ ಬರುತ್ತೆ.

ಕೊಪ್ಪಳ_ಕಂಟಿ:

ಒತ್ತುವರಿದು ಬಿಡ್ರಿ, ಅದರ ಮ್ಯಾಪ್ ಯಾರೂ ಕೇಳಂಗಿಲ್ಲ 😄 ಕನಿಷ್ಠ ಎನ್‌ಡಿವಿಐ ಲೇಯರ್ ಇವತ್ತ ರಾತ್ರಿ ಮಾಡಿ ನೋಡತೀನ್ರಿ. ಇನ್ನೊಂದು ಮಾತ್ರಿ, ಜಾಲಿ ಕಡಿದು ಇದ್ದಲಿ ಸುಟ್ಟು ಮಾರಾವ್ರು ನಮ್ಮೂರಾಗ ಹತ್ತಾರು ಮನಿ ಅದಾವ, ಮ್ಯಾಪ್ ಬಂದ ಮ್ಯಾಲೆ ಜೆಸಿಬಿ ತಂದು ಒಮ್ಮೆಲೆ ಕಿತ್ತು ಒಗೆದ್ರ ಅವ್ರ ಗತಿ ಏನು ಅಂತ ಪಂಚಾಯ್ತಿ ಕಟ್ಟಿ ಮ್ಯಾಲೆ ಜಗಳ ಸುರು ಆಗೇತಿ.

ಬೆಟ್ಟದ_ಜೇನು:

ನಮ್ದು ಬಿಳಿಗಿರಿರಂಗನ ಬೆಟ್ಟದ ಕಡೆ. ತಂಗಿ, ನಿನ್ನ ಮ್ಯಾಪು ಆಮೇಲೆ ಮಾಡ್ಕೊ, ಮೊದ್ಲು ಇದು ಎಂಗೆ ಬಂತು ಅಂತ ಇಲ್ಲಿನ ಕಾಡಲ್ಲೇ ಬಾಳೋ ಸೋಲಿಗ್ರ ಯಜಮಾನ್ರನ್ನ ಕೇಳು. ಅವರು ಚಳಿಗಾಲ ಮುಗೀತಿದ್ದಂಗೆ ತರಗು ಬೆಂಕಿ ಹಾಕೋರು, ಅಂದ್ರೆ ಬೇಸಿಗೆ ಏರೋಕೆ ಮುಂಚೆ, ನೆಲದ ಮೇಲಿನ ತರಗೆಲೆ ಹುಲ್ಲು ಮಾತ್ರ ಸುಡೋ ಸಣ್ಣ ಬೆಂಕಿ, ಮರಕ್ಕೆ ಏರ್ತಿರ್ಲಿಲ್ಲ. ಲಂಟಾನ ಸಸಿ ಅದರಲ್ಲೇ ಹೋಗದು. 1974ರಲ್ಲಿ ಅಭಯಾರಣ್ಯ ಆಯ್ತು, ಬೆಂಕಿ ನಿಂತೋಯ್ತು. ನೆಲ್ಲಿಮರದ ಮೇಲೆ ಉಪ್ಪಿಲು (ಮರದ ಮೇಲೇ ಬೆಳೆಯೋ ಬದನಿಕೆ) ಜಾಸ್ತಿ ಆಗಿದ್ದೂ ಬೆಂಕಿ ನಿಂತ ಮೇಲೇ ಅಂತಾರೆ ಹಿರೀಕ್ರು.

ಇದು ಬರೀ ಮಾತಲ್ಲ, ಪರಿಸರ ಸಂಶೋಧನೆ ಮಾಡೋ ಏಟ್ರೀ ಸಂಸ್ಥೆಯವ್ರು 1997ರಲ್ಲಿ ಬೆಟ್ಟದ ಕಾಡಲ್ಲಿ 134 ಪ್ಲಾಟ್ ಹಾಕಿ ನೋಡಿದ್ರು, ಅದೇ ಪ್ಲಾಟ್ 2008ರಲ್ಲಿ ಮತ್ತೆ ನೋಡಿದ್ರು. ಮೊದಲು ಶೇ. 41 ಪ್ಲಾಟಲ್ಲಿ ಇದ್ದ ಲಂಟಾನ ಆಮೇಲೆ ಶೇ. 81ರಲ್ಲಿ. ಹನ್ನೊಂದು ವರ್ಷಕ್ಕೆ ಡಬಲ್ಲು. ಇದು ಯಾವ ಸ್ಯಾಟಲೈಟಲ್ಲೂ ಬಂದ ಲೆಕ್ಕ ಅಲ್ಲ, ಕಾಲಲ್ಲಿ ನಡೆದು ಬಂದಿದ್ದು.

ಸುಮ್ನೆ_ಓದ್ತೀನಿ:

ಹಾಗಾದ್ರೆ ಈಗ ಮತ್ತೆ ಬೆಂಕಿ ಹಾಕಿದ್ರೆ ಮುಗೀತಲ್ಲ?

ಬೆಟ್ಟದ_ಜೇನು:

ಇಲ್ಲ ಸ್ವಾಮಿ, ಆ ಕಾಲ ಹೋಯ್ತು. ಆಗ ಸಸಿ ಇತ್ತು, ಈಗ ಆಳೆತ್ತರ ಪೊದೆ, ಮರಕ್ಕೂ ಹತ್ಕೊಂಡಿದೆ. ಈಗ ಬೆಂಕಿ ಬಿದ್ರೆ ಪೊದೆ ಹಿಡ್ಕೊಂಡು ಮರದ ತುದಿಗೇ ಹೋಗ್ತದೆ.

ಹಳೇ_ಖಾಕಿ:

ಜೇನು ಅವರು ಹೇಳಿದ್ದು ನಿಜ. 2019ರ ಫೆಬ್ರವರಿಯಲ್ಲಿ ಬಂಡೀಪುರ ಬೆಂಕಿ ಎಲ್ಲರಿಗೂ ನೆನಪಿರಬೇಕು. ಇಸ್ರೋದ ಎನ್‌ಆರ್‌ಎಸ್‌ಸಿ ಕೇಂದ್ರದವರು ಸ್ಯಾಟಲೈಟ್ ಚಿತ್ರ ನೋಡಿ ಸುಮಾರು 10,900 ಎಕರೆ ಸುಟ್ಟಿದೆ ಅಂತ ಲೆಕ್ಕ ಕೊಟ್ರು. ಸುಟ್ಟಿದ್ದು ಮ್ಯಾಪ್ ಮಾಡೋದು ಸುಲಭ, ಕಪ್ಪಗೆ ಕಾಣುತ್ತೆ. ಆದ್ರೆ ಒಣಗಿ ನಿಂತ ಲಂಟಾನ ಬೆಂಕಿಗೆ ಎಷ್ಟು ಸೌದೆ ಕೊಡುತ್ತೆ ಅಂತ ಎದುರಿಗೆ ನಿಂತೋರಿಗೆ ಗೊತ್ತು, ಮತ್ತೆ ಮಳೆ ಬಂದ ಮೇಲೆ ಸುಟ್ಟ ಬುಡದಿಂದಲೇ ಅದು ಚಿಗುರುತ್ತೆ.

ನಾನು ಇಲಾಖೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ರಿಟೈರ್ ಆದವನು. ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಮ್ಮ. ನೀನು ಮ್ಯಾಪ್ ತಂದು 'ಸರ್ ಇಲ್ಲೆಲ್ಲ ದಟ್ಟವಾಗಿ ಲಂಟಾನ ಇದೆ' ಅಂತ ತೋರಿಸ್ತೀಯ. ಅದು ನಮ್ಮ ಗಾರ್ಡ್‌ಗೆ ಗೊತ್ತಿಲ್ವಾ? ದಿನಾ ಅದರೊಳಗೆ ನಡೀತಾನೆ, ಮೈಗೆ ಉಣ್ಣೆ ಹುಳ ಹತ್ತಿಸ್ಕೊಂಡು ಬರ್ತಾನೆ. ನಮಗೆ ಬೇಕಾಗಿರೋದು ಉಲ್ಟಾ. ಎಲ್ಲಿ ಇನ್ನೂ ಬಂದಿಲ್ಲ, ಎಲ್ಲಿ ಈಗಷ್ಟೇ ಒಂದೆರಡು ಗಿಡ ಕಾಲಿಟ್ಟಿದೆ, ಅದನ್ನ ತೋರಿಸು. ದಟ್ಟ ಆದ ಮೇಲೆ ಒಂದು ಎಕರೆ ಕೀಳೋ ದುಡ್ಡಲ್ಲಿ, ಈಗಷ್ಟೇ ಬರ್ತಿರೋ ಎಷ್ಟೋ ಎಕರೆ ಉಳಿಸಬಹುದು.

ಕೀಳೋದು ಅಂದ್ರೆ ಬರೀ ಕತ್ತಿಯಲ್ಲಿ ಸವರೋದಲ್ಲ. ಸವರಿದ್ರೆ ಡಬಲ್ ಆಗಿ ಬರುತ್ತೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರು ಕಾರ್ಬೆಟ್‌ನಲ್ಲಿ ಮಾಡಿ ತೋರಿಸಿದ ವಿಧಾನ ಇದೆ: ಬುಡದ ಸುತ್ತ ಮಣ್ಣು ಬಿಡಿಸಿ, ನೆಲದಿಂದ ಸ್ವಲ್ಪ ಕೆಳಗೆ ಗುದ್ದಲಿಯಲ್ಲಿ ತಾಯಿಬೇರು ಕತ್ತರಿಸೋದು, ಚಿಗುರೋ ಜಾಗ ಅದಕ್ಕಿಂತ ಮೇಲಿರುತ್ತೆ, ಆಮೇಲೆ ಪೊದೆ ಎತ್ತಿ ತಲೆಕೆಳಗು ಮಾಡಿ ಇಡೋದು, ಮತ್ತೆ ಬೇರು ಬಿಡಬಾರ್ದು ಅಂತ. ಅದಾದ ಮೇಲೆ ನಂತರದ ಮಳೆಗಾಲಗಳಲ್ಲೂ ಹೋಗಿ ಸಸಿ ಕೀಳಲೇಬೇಕು, ಪಿಕಳಾರ ಹಣ್ಣು ತಿಂದು ಮರದ ಮೇಲೆ ಕೂತು ಬೀಜ ಉದುರಿಸ್ತಾನೇ ಇರುತ್ತೆ, ಮರದ ಕೆಳಗೇ ಸಸಿ ಜಾಸ್ತಿ. ಮೊದಲನೇ ವರ್ಷ ಫೋಟೋ ತೆಗೆಸ್ಕೊಂಡು ಎರಡನೇ ವರ್ಷ ಮರೆತ ಕಡೆಯೆಲ್ಲ ಮೊದಲಿನ ಥರಾನೇ ಆಗಿದೆ.

ಪಿಕ್ಸೆಲ್_ಗುರು:

ರೇಂಜರ್ ಸರ್, ನೀವು ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ, ಆದ್ರೆ ನೀವು ಕೇಳ್ತಿರೋದು ಸೆಂಟಿನೆಲ್ ಕೈಲಿ ಆಗದೇ ಇರೋದು. ಒಂದು ಗುಂಟೆ ಪಿಕ್ಸೆಲ್‌ನಲ್ಲಿ ಮಂಡಿ ಎತ್ತರದ ಎರಡು ಗಿಡ ಇದ್ರೆ ಅದು ಗದ್ದಲದಲ್ಲಿ ಮುಳುಗಿಹೋಗುತ್ತೆ. ಪಿಕ್ಸೆಲ್ ಅರ್ಧಕ್ಕಿಂತ ಜಾಸ್ತಿ ಲಂಟಾನವೇ ತುಂಬಿದ್ರೆ ನಂಬಬಹುದು, ಅದಕ್ಕಿಂತ ಕಡಿಮೆ ಇರೋ ಕಡೆ 'ಇಲ್ಲ' ಅಂತ ಬಂದ್ರೆ ಅದು 'ಇಲ್ಲ' ಅಲ್ಲ, 'ಕಂಡಿಲ್ಲ'. ಮ್ಯಾಪ್ ಮಾಡೋರು ಇದನ್ನ ಹೇಳ್ದೆ ಬರೀ ಕೆಂಪು ಹಸಿರು ಬಣ್ಣ ಹಾಕಿ ಕೊಡೋದು ನನಗೆ ಸರಿ ಅನ್ಸಲ್ಲ.

ಆದ್ರೆ ಉಪಯೋಗ ಇಲ್ಲ ಅಂತಲ್ಲ. ನೀವು ಕಿತ್ತ ಜಾಗ ಇದೆಯಲ್ಲ, ಅದರ ಗಡಿ ಜಿಪಿಎಸ್‌ನಲ್ಲಿ ಹಿಡ್ಕೊಂಡು, ಪ್ರತಿ ವರ್ಷ ಫೆಬ್ರವರಿ ಇಮೇಜಲ್ಲಿ ಮತ್ತೆ ಹಸಿರು ಬರ್ತಿದೆಯಾ ನೋಡೋದು, ಇದು ಚೆನ್ನಾಗಿ ಆಗುತ್ತೆ, ಯಾಕಂದ್ರೆ ಅಲ್ಲಿ ಹೋಲಿಸೋದು ಅದೇ ಜಾಗದ ಹಿಂದಿನ ವರ್ಷದ ಜೊತೆಗೆ. ಹಾಗೇ ದಟ್ಟ ಇರೋ ಮಟ್ಟಿಯ ಅಂಚು ಎತ್ತ ಕಡೆ ಸರೀತಿದೆ ಅಂತಾನೂ ಗೊತ್ತಾಗುತ್ತೆ, ಆ ಅಂಚಿಗೆ ನಿಮ್ಮ ಗಾರ್ಡ್‌ನ ಕಳಿಸಿದ್ರೆ ಮೊದಲ ಎರಡು ಗಿಡ ಅವನಿಗೇ ಸಿಗುತ್ತೆ.

ಕೆರೆ_ಕಾವಲು:

ಬೆಂಗಳೂರಿನ ಕೆರೆ ಗ್ರೂಪಿನವನು. ನಮ್ಮ ಕೆರೆ ಮೇಲಿನ ಜಲಕುಂಭಿ ಸೆಂಟಿನೆಲ್‌ನಲ್ಲಿ ಅಪ್ಪಟ ಕಾಣುತ್ತೆ, ನೀರು ಎನ್‌ಐಆರ್‌ನಲ್ಲಿ ಕಪ್ಪು, ಕಳೆ ಬೆಳ್ಳಗೆ ಹೊಳೆಯುತ್ತೆ, ಇದಕ್ಕೆ ಕ್ಲಾಸಿಫೈಯರ್ರೇ ಬೇಡ. ತಮಾಷೆ ಏನಂದ್ರೆ ಗಾಳಿಗೆ ಇಡೀ ರಾಶಿ ಈ ದಡದಿಂದ ಆ ದಡಕ್ಕೆ ಹೋಗುತ್ತೆ, ಎರಡು ಇಮೇಜ್ ಹೋಲಿಸಿ 'ಈ ಕಡೆ ಕ್ಲೀನ್ ಆಗಿದೆ' ಅಂತ ಗುತ್ತಿಗೆದಾರ ಬಿಲ್ ಕೊಡ್ತಾನೆ. ಒಟ್ಟು ವಿಸ್ತೀರ್ಣ ಮಾತ್ರ ಲೆಕ್ಕ ಹಾಕಿ, ಜಾಗ ನೋಡ್ಬೇಡಿ.

ರಾಡಾರ್_ಹುಚ್ಚ:

ಯಾರೂ ನಾಸಾ-ಇಸ್ರೋದ ರಾಡಾರ್ ಸ್ಯಾಟಲೈಟ್ ನಿಸಾರ್ ಬಗ್ಗೆ ಹೇಳ್ತಿಲ್ವಲ್ಲ! 2025ರ ಜುಲೈ 30ಕ್ಕೆ ಶ್ರೀಹರಿಕೋಟಾದಿಂದ ಹೋಯ್ತು, ನಾಸಾದ ಎಲ್-ಬ್ಯಾಂಡು, ಇಸ್ರೋದ ಎಸ್-ಬ್ಯಾಂಡು, 12 ದಿನಕ್ಕೊಂದ್ಸಲ ಅದೇ ಜಾಗ. ಎಲ್-ಬ್ಯಾಂಡ್ ಅಲೆ ಸುಮಾರು 24 ಸೆಂಟಿಮೀಟರ್, ಎಲೆ ದಾಟಿ ಒಳಗೆ ಹೋಗುತ್ತೆ, ಮರದ ಕೆಳಗಿನ ಪೊದೆ ಕಾಣ್ಬೇಕಲ್ಲ? ಹಳೇ ರಾಡಾರ್ ಸ್ಯಾಟಲೈಟ್ ಸೆಂಟಿನೆಲ್-1ದು ಸಿ-ಬ್ಯಾಂಡು, ಐದೂವರೆ ಸೆಂಟಿಮೀಟರ್ ಚಿಲ್ಲರೆ, ಮೇಲಿನ ಎಲೆ ರೆಂಬೆಗೇ ಬಡಿದು ವಾಪಸ್ ಬರುತ್ತೆ, ಅದಕ್ಕೇ ಇಷ್ಟು ದಿನ ಆಗ್ಲಿಲ್ಲ.

ಪಿಕ್ಸೆಲ್_ಗುರು:

ಆಸೆ ನನಗೂ ಇದೆ ಗುರು. ಆದ್ರೆ ರಾಡಾರ್ ಹೇಳೋದು ಆಕಾರ, ದಪ್ಪ, ನೀರು ಇಷ್ಟನ್ನ, ಜಾತಿ ಹೇಳಲ್ಲ. ಕೆಳಗೆ ಪೊದೆ ದಟ್ಟ ಇದೆ ಅಂತ ಹೇಳಬಹುದು, ಅದು ಲಂಟಾನನಾ, ಎಳೆ ಬಿದಿರಾ, ಇನ್ನೇನೋ ಸಸಿನಾ ಅಂತ ಆಪ್ಟಿಕಲ್ ಇಮೇಜನ್ನೇ ಕೇಳ್ಬೇಕು. ಎರಡೂ ಸೇರಿಸಿದ್ರೆ ಚೆನ್ನಾಗಿರುತ್ತೆ. ಗೋಪಾಲಸ್ವಾಮಿ ಬೆಟ್ಟದಂಥ ಇಳಿಜಾರಲ್ಲಿ ಸಿಗ್ನಲ್ ಇಳಿಜಾರಿಂದನೇ ಏರುಪೇರಾಗುತ್ತೆ, ಅದನ್ನ ಸರಿ ಮಾಡೋಕೆ ಒಳ್ಳೇ ಎತ್ತರದ ಮ್ಯಾಪ್ ಬೇಕು. ಜಾತಿ ಹಿಡಿಯೋಕೆ ಹೈಪರ್‌ಸ್ಪೆಕ್ಟ್ರಲ್ ಅಂತ ಇನ್ನೊಂದಿದೆ, ಇಸ್ರೋ-ನಾಸಾ ಸೇರಿ 2015-16ರಲ್ಲಿ ವಿಮಾನದಲ್ಲಿ ಎವಿರಿಸ್-ಎನ್‌ಜಿ ಅನ್ನೋ ಅಂಥ ಸೆನ್ಸರ್ ಹಾರಿಸಿದ್ರು, ಐದು ನ್ಯಾನೋಮೀಟರಿಗೊಂದರಂತೆ ನೂರಾರು ಬ್ಯಾಂಡು. ಮಜಾ ಡೇಟಾ, ಆದ್ರೆ ಹಾರಿದ ಪಟ್ಟಿ ಮೇಲೆ ಮಾತ್ರ ಸಿಗೋದು, ಪ್ರತಿ ವರ್ಷ ಬೇಕು ಅಂದ್ರೆ ಇಲ್ಲ.

ಸುಮ್ನೆ_ಓದ್ತೀನಿ:

ದೇಶದ ಹುಲಿ ಕಾಡಲ್ಲಿ ಶೇ. 40 ಲಂಟಾನ ಅಂತ ಪೇಪರಲ್ಲಿ ಬಂದಿತ್ತಲ್ಲ, ಅದು ಸ್ಯಾಟಲೈಟಲ್ಲಿ ನೋಡಿದ್ದಲ್ವಾ? ಅವರಿಗೆ ಕಂಡಿದ್ದು ಇವರಿಗೆ ಯಾಕೆ ಕಾಣಲ್ಲ?

ಪಿಕ್ಸೆಲ್_ಗುರು:

ಅಲ್ಲ. ಅದು ಭಾರತೀಯ ವನ್ಯಜೀವಿ ಸಂಸ್ಥೆಯವರ 2020ರ ಅಧ್ಯಯನ, ಸುಮಾರು 1,54,000 ಚದರ ಕಿಲೋಮೀಟರ್ ಅಂತ ಲೆಕ್ಕ. ಅದರ ಹಿಂದೆ ಇರೋದು ಒಂದು ಲಕ್ಷಕ್ಕೂ ಹೆಚ್ಚು ಪ್ಲಾಟು, ನೆಲದ ಮೇಲೆ ಜನ ಕಣ್ಣಾರೆ ನೋಡಿ ಬರ್ಕೊಂಡಿದ್ದು, ಅದನ್ನ ಹವಾಮಾನ, ಮಣ್ಣು, ಮನುಷ್ಯರ ಓಡಾಟ ಇಂಥದ್ದರ ಜೊತೆ ಸೇರಿಸಿ ಎಲ್ಲೆಲ್ಲಿ ಇರಬಹುದು ಅಂತ ಮಾಡೆಲ್ ಮಾಡಿದ್ದು. ಮೇಲಿಂದ ಲಂಟಾನ ಕಂಡು ಎಣಿಸಿದ್ದಲ್ಲ. ಈ ಎರಡನ್ನ ಒಂದೇ ಅಂತ ತಿಳ್ಕೊಂಡು 'ಸ್ಯಾಟಲೈಟ್ ಹೇಳಿದೆ' ಅಂತ ವರದಿ ಬರೆಯೋರನ್ನ ನೋಡಿದ್ರೆ ತಲೆ ಬಿಸಿಯಾಗುತ್ತೆ.

ಮೇಲಿಂದ ಕಂಡು ಎಣಿಸಿದ್ದು ಬೇಕಾ, ಪಶ್ಚಿಮ ಘಟ್ಟದ ಶೋಲಾ ಹುಲ್ಲುಗಾವಲು ನೋಡಿ. 1970ರ ದಶಕದ ಹಳೇ ಲ್ಯಾಂಡ್‌ಸ್ಯಾಟ್ ಮತ್ತೆ 2017ರ ಇಮೇಜ್ ಇಟ್ಟು ನೋಡಿದವರು ಶೇ. 23ರಷ್ಟು ಹುಲ್ಲುಗಾವಲು, ಸುಮಾರು 340 ಚದರ ಕಿಲೋಮೀಟರ್, ಅಕೇಸಿಯಾ, ಪೈನ್, ನೀಲಗಿರಿ ಮರ ಬಂದು ಹೋಗಿದೆ ಅಂದ್ರು. ನೀಲಗಿರಿ, ಪಳನಿ ಬೆಟ್ಟದಲ್ಲಿ ಜಾಸ್ತಿ. ಹುಲ್ಲಿದ್ದ ಕಡೆ ಮರ ಬಂದ್ರೆ ಯಾವ ಇಮೇಜಲ್ಲೂ ಗೊತ್ತಾಗುತ್ತೆ.

ಹಳೇ_ಖಾಕಿ:

ಮರ ಅಂದಾಗ ನೆನಪಾಯ್ತು, ಸೆನ್ನಾ ಬಗ್ಗೆ ಯಾರೂ ಮಾತಾಡಲಿಲ್ಲ. ಹಳದಿ ಹೂವಿನ ಮರ, ಸೆನ್ನಾ ಸ್ಪೆಕ್ಟಾಬಿಲಿಸ್. ವಯನಾಡು, ಮುದುಮಲೆ ಕಡೆ ಕಾಡೇ ನುಂಗಿದೆ, ನಮ್ಮ ನಾಗರಹೊಳೆ, ಬಂಡೀಪುರಕ್ಕೂ ಬಂದಿದೆ. ಕಡಿದ್ರೆ ಬುಡದಿಂದ ಹತ್ತು ಚಿಗುರು. ಲಂಟಾನಕ್ಕಿಂತ ನನಗೆ ಇದರದ್ದೇ ಭಯ, ಇದು ಮರದ ಎತ್ತರಕ್ಕೇ ಬೆಳೆದು ನೆರಳು ಹಾಕುತ್ತೆ, ಕೆಳಗೆ ಹುಲ್ಲು ಹುಟ್ಟಲ್ಲ.

ಪಿಕ್ಸೆಲ್_ಗುರು:

ಇದು ಸ್ಯಾಟಲೈಟ್‌ಗೆ ಹೇಳಿ ಮಾಡಿಸಿದ ಕೆಲಸ ಸರ್! ತಲೆ ಮೇಲೇ ಹೂ, ಅದೂ ಇಡೀ ಮರ ಹಳದಿ. ಮಳೆಗಾಲ ಮುಗಿಯೋ ಹೊತ್ತಿಗೆ ಹೂ ಬರುತ್ತೆ, ಮೋಡ ಸ್ವಲ್ಪ ತೊಂದ್ರೆ ಕೊಡುತ್ತೆ, ಆದ್ರೂ ಎರಡು ಮೂರು ತಿಂಗಳಲ್ಲಿ ಒಂದೆರಡು ಕ್ಲೀನ್ ಇಮೇಜ್ ಸಿಕ್ಕೇ ಸಿಗುತ್ತೆ. ಕಕ್ಕೆ ಮರದ್ದೂ ಹಳದಿ ಹೂವೇ, ಆದ್ರೆ ಅದು ಏಪ್ರಿಲ್-ಮೇ, ಹಾಗಾಗಿ ಗೊಂದಲ ಇಲ್ಲ. ಬಿಡಿ ಮರ 10 ಮೀಟರಲ್ಲಿ ಸಿಗಲ್ಲ, ಗುಂಪು ಸಿಗುತ್ತೆ. ಮೇಡಂ, ಪ್ರಾಜೆಕ್ಟ್ ಬದಲಾಯಿಸೋ ಮನಸ್ಸಿದ್ರೆ ಇದು ತಗೊಳ್ಳಿ.

ಕಾಡಂಚಿನ_ಹುಡುಗಿ:

ಸಿನಾಪ್ಸಿಸ್ ಸಬ್ಮಿಟ್ ಆಗಿದೆ ಸರ್, ಈಗ ಬದಲಾಯಿಸಿದ್ರೆ ಗೈಡ್ ನನ್ನನ್ನೇ ಬದಲಾಯಿಸ್ತಾರೆ 😅

ಎಲ್ಲರಿಗೂ ಥ್ಯಾಂಕ್ಸ್. ಡಿಸೆಂಬರ್-ಮೇ ಮೀಡಿಯನ್ ಇಮೇಜ್ ಮಾಡಿ, ಪಾಲಿಗಾನ್ ಲೆಕ್ಕದಲ್ಲಿ ಭಾಗ ಮಾಡಿ ಮತ್ತೆ ಓಡಿಸ್ದೆ. ರಸ್ತೆ ಗೆರೆ ಹೋಯ್ತು, ಒಳಗಿನ ಮಟ್ಟಿ ಕಾಣಿಸ್ತಿದೆ, ವಾಚರ್ ಅಣ್ಣನಿಗೆ ಫೋನಲ್ಲಿ ತೋರಿಸಿದ್ರೆ 'ಇದು ಸರಿ ಅದೆ, ಇದು ಸರಿ ಅದೆ, ಇಲ್ಲಿ ಮಾತ್ರ ಇಲ್ಲ' ಅಂತ ಬೆರಳಿಟ್ಟು ಹೇಳಿದ್ರು. ಅಕ್ಯುರಸಿ ನಂಬರ್ ಮಾತ್ರ ದಪ್ ಅಂತ ಇಳೀತು, ಗೈಡ್‌ಗೆ ಹೇಗೆ ಹೇಳೋದೋ. ಈಗ ಹೊಸ ತಲೆನೋವು: ಹಳ್ಳದ ದಂಡೆ ಪೂರ್ತಿ ಲಂಟಾನ ಅಂತ ಬರ್ತಿದೆ, ಮತ್ತೆ ಒಂದೊಂದು ಕಡೆ ಕಾಡಿನ ಮಧ್ಯ ಉದ್ದಕ್ಕೆ ಪಟ್ಟಿ 'ಬೀಳು ಭೂಮಿ' ಅಂತ ಬರ್ತಿದೆ.

ಬೆಟ್ಟದ_ಜೇನು:

ಹಳ್ಳದಲ್ಲಿ ಹೊಳೆಮತ್ತಿ, ನೇರಳೆ, ಹೊಂಗೆ, ಮಾವು ಇರ್ತಾವೆ ತಂಗಿ, ಅವು ಫೆಬ್ರವರೀಲೂ ಹಸಿರೇ.

ಹಳೇ_ಖಾಕಿ:

ಉದ್ದಕ್ಕೆ ಪಟ್ಟಿ ಅಂದ್ರೆ ಬೆಂಕಿ ರೇಖೆ ಕಣಮ್ಮ. ಬೇಸಿಗೆ ಏರೋಕೆ ಮುಂಚೆ ಸವರಿ ಸುಟ್ಟಿರ್ತೀವಿ. ರಸ್ತೆ ಪಕ್ಕ ವ್ಯೂ ಲೈನ್ ಬೇರೆ ಇರುತ್ತೆ, ಪ್ರಾಣಿ ಕಾಣ್ಲಿ ಅಂತ ಎರಡೂ ಕಡೆ ಕಳೆ ಸವರೋದು. ರೇಂಜ್ ಆಫೀಸಲ್ಲಿ ಬೆಂಕಿ ರೇಖೆ ಮ್ಯಾಪ್ ಇರುತ್ತೆ, ಲೆಟರ್ ಕೊಟ್ಟು ಕೇಳು. ಕೊಡಲ್ಲ ಅಂದ್ರೆ ಎಸಿಎಫ್ (ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ) ಹತ್ರ ಹೋಗು.

ಪಿಕ್ಸೆಲ್_ಗುರು:

ಇಬ್ರೂ ನನ್ನ ಕೆಲಸ ಉಳಿಸಿದ್ರಿ. ಹಳ್ಳಕ್ಕೆ ಮೊನ್ನೆ ಕೊಪ್ಪಳದವರಿಗೆ ಹೇಳಿದ ಟ್ರಿಕ್ಕೇ: ಆ ಮರಗಳು ಏಪ್ರಿಲ್ ಮೊದಲ ವಾರಾನೂ ಹಸಿರಾಗೇ ಇರ್ತವೆ, ಲಂಟಾನ ಅಷ್ಟೊತ್ತಿಗೆ ಸೊರಗಿರುತ್ತೆ. ವರ್ಷದ ಕನಿಷ್ಠ ಎನ್‌ಡಿವಿಐ ಜಾಸ್ತಿ ಇರೋದನ್ನ ಮಾಸ್ಕ್ ಮಾಡಿ, ಅಂದ್ರೆ ಲೆಕ್ಕದಿಂದ ತೆಗೆದುಬಿಡಿ. ಜನವರಿಯಲ್ಲಿ ಸ್ಯಾಟಲೈಟ್ ಬೆಳಿಗ್ಗೆ ಹತ್ತೂವರೆ ಸುಮಾರಿಗೆ ದಾಟುತ್ತೆ, ಸೂರ್ಯ ಆಗ್ನೇಯದಲ್ಲಿ ಕೆಳಗಿರ್ತಾನೆ, ಬೆಟ್ಟದ ವಾಯವ್ಯ ಇಳಿಜಾರೆಲ್ಲ ನೆರಳು, ಅಲ್ಲಿ ಬಂದಿರೋ ರಿಸಲ್ಟ್ ನಂಬಬೇಡಿ.

ಫೀಲ್ಡ್ ಪಾಯಿಂಟ್ ಮತ್ತೆ ತಗೊಳೋದಿದ್ರೆ ಪೊದೆ ಅಂಚಲ್ಲಿ ನಿಂತು ಒತ್ತಬೇಡಿ. ಮರದ ಕೆಳಗೆ ಫೋನ್ ಜಿಪಿಎಸ್ ಐದು ಹತ್ತು ಮೀಟರ್ ಆಚೀಚೆ ತೋರಿಸುತ್ತೆ, ಆ ತಪ್ಪಲ್ಲೇ ಪಕ್ಕದ ಪಿಕ್ಸೆಲ್‌ಗೆ ಹೋಗಿಬಿಡುತ್ತೆ. ಕನಿಷ್ಠ 20 ಮೀಟರ್ ಉದ್ದಗಲ ಒಂದೇ ಥರ ಇರೋ ಜಾಗದ ನಡುವೆ ತಗೊಳ್ಳಿ, ನಡುವೆ ನುಗ್ಗೋಕೆ ಆಗಲ್ಲ ಅಂದ್ರೆ ಅಂಚಿಂದ ದಿಕ್ಕು, ಅಂದಾಜು ದೂರ ಬರ್ಕೊಂಡು ಆಮೇಲೆ ಒಳಗೆ ಸರಿಸಿ. ಲಂಟಾನ ಎಷ್ಟು ಭಾಗ, ಎತ್ತರ ಎಷ್ಟು, ಮೇಲೆ ಮರ ಎಷ್ಟು ಮುಚ್ಚಿದೆ, ಅವತ್ತು ಎಲೆ ಇತ್ತಾ ಇಲ್ವಾ, ಇಷ್ಟು ಒಡಿಕೆ (ಫೋನಲ್ಲೇ ಫೀಲ್ಡ್ ಮಾಹಿತಿ ತುಂಬೋ ಆಪ್) ಫಾರ್ಮಲ್ಲಿ ಹಾಕ್ಕೊಳ್ಳಿ. ಮತ್ತೆ 'ಇಲ್ಲ' ಅನ್ನೋ ಪಾಯಿಂಟೂ ಅಷ್ಟೇ ತಗೊಳ್ಳಿ. ಡ್ರೋನ್ ಯೋಚನೆ ಇದ್ರೆ ಬಿಟ್ಟುಬಿಡಿ, ಹುಲಿ ಮೀಸಲಲ್ಲಿ ಅದರ ಪರ್ಮಿಷನ್ ಬರೋ ಹೊತ್ತಿಗೆ ನಿಮ್ಮ ಪಿಎಚ್‌ಡಿ ಮುಗಿದಿರುತ್ತೆ.

ಕೊಪ್ಪಳ_ಕಂಟಿ:

ಅಣ್ಣಾರ, ಕನಿಷ್ಠ ಎನ್‌ಡಿವಿಐ ಕೆಲಸ ಮಾಡೇತ್ರಿ! ಭತ್ತ ಪೂರಾ ಹೋತು. ತೆಂಗು ಕೈಲೆ ತೆಗದೆ. ಕೆರಿ ಅಂಗಳದಾಗ ಜಾಲಿ ಎಷ್ಟೈತಿ ಅಂತ ಪಂಚಾಯ್ತಿಗೆ ಕೊಟ್ಟೀನಿ, ಈಗ ಪಕ್ಕದ ಊರಾವ್ರೂ ಕೇಳಾಕತ್ಯಾರ. ಇದ್ದಲಿಯವ್ರ ಜೋಡಿ ಕುಂತು ಮಾತಾಡಿ, ಒಂದು ಬಾಜುದಿಂದ ಕಡಕೊಂತ ಹೋಗೂದು, ಹಿಂದಿಂದ ಬೇರು ಕೀಳೂದು ಅಂತ ಆಗೇತಿ.

ಕಾಡಂಚಿನ_ಹುಡುಗಿ:

ರೇಂಜರ್ ಸರ್, ಒಂದು ಕೇಳ್ಬೇಕಿತ್ತು. ಇಲಾಖೆಗೆ ಮ್ಯಾಪ್ ಕೊಡೋದಾದ್ರೆ ಯಾವ ಥರ ಕೊಟ್ರೆ ಉಪಯೋಗ ಆಗುತ್ತೆ? ನನ್ನ ಹತ್ರ ಟಿಫ್ ಫೈಲ್ ಇದೆ.

ಹಳೇ_ಖಾಕಿ:

ಟಿಫ್ ಅಂದ್ರೆ ಯಾರೂ ಓಪನ್ ಮಾಡಲ್ಲ. ಎ3 ಹಾಳೆ ಮೇಲೆ ಪ್ರಿಂಟ್ ಹಾಕಿಸು, ಬೀಟ್ ಗಡಿ, ಕೆರೆ ಕಟ್ಟೆ, ಕಳ್ಳಬೇಟೆ ತಡೆ ಶಿಬಿರ, ಬೆಂಕಿ ರೇಖೆ ಇಷ್ಟು ಹೆಸರು ಸಮೇತ ಕನ್ನಡದಲ್ಲಿ ಇರಲಿ, ಗಾರ್ಡ್ ನೋಡಿದ ತಕ್ಷಣ ತಾನೆಲ್ಲಿದೀನಿ ಅಂತ ಗೊತ್ತಾಗಬೇಕು. ಬಣ್ಣ ಮೂರು ಸಾಕು: ದಟ್ಟ ಇದೆ, ಇರಬಹುದು, ನೋಡೋಕಾಗಿಲ್ಲ. ನೆರಳಿನ ಇಳಿಜಾರು, ಮರ ಮುಚ್ಚಿದ ಜಾಗ ಎಲ್ಲಾ ಮೂರನೇದಕ್ಕೆ ಹಾಕು. ಜೊತೆಗೆ ಕೆಎಂಎಲ್ (ಫೋನ್ ಮ್ಯಾಪಲ್ಲಿ ತೆರೆಯೋ ಫೈಲ್) ಒಂದು ಕೊಟ್ಟಿರು, ಈಗಿನ ಹುಡುಗರು ಫೋನಲ್ಲಿ ಹಾಕ್ಕೊಂಡು ಹೋಗ್ತಾರೆ. ಮೊದಲ ಕಾಪಿ ಆ ವಾಚರ್‌ಗೆ ಕೊಡು, ಡಿಎಫ್‌ಓಗೆ (ವಿಭಾಗದ ಅರಣ್ಯಾಧಿಕಾರಿಗೆ) ಆಮೇಲೆ.

ಕಾಡಂಚಿನ_ಹುಡುಗಿ:

ಸರಿ ಸರ್. ಸೋಮವಾರ ಬೆಂಕಿ ರೇಖೆ ಮ್ಯಾಪಿಗೆ ಲೆಟರ್ ಕೊಡ್ತೀನಿ. ಬೀಟ್ ಗಡಿ ಶೇಪ್‌ಫೈಲ್ ಯಾರ ಹತ್ರಾನಾದ್ರೂ ಇದ್ರೆ ದಯವಿಟ್ಟು ಮೆಸೇಜ್ ಮಾಡಿ.